ಅಭಿನಯ ಸರಸ್ವತಿ

ಶಿವಮೊಗ್ಗ ಜಿಲ್ಲೆಯ ಸೊರಬ ಮತ್ತು ಶಿಕಾರಿಪುರ ಸೀಮೆಯು ಕಲೆಗೆ ಹೆಸರಾದುದು. ಸೊರಬದ ಗುಡಿಗಾರರು ಶ್ರೀಗಂಧದ ಕೊರಡಿನಲ್ಲಿ ಹೂವು, ಬಳ್ಳಿ, ಆನೆ, ದೇವತೆಗಳನ್ನು ಮೂಡಿಸುವುದರಲ್ಲಿ ನಿಸ್ಸೀಮರು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಶಿಲ್ಪಿ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರ ವಿಗ್ರಹಗಳನ್ನು ಕಡೆದರೆಂಬುದಕ್ಕೆ ಅಲ್ಲಿನ ಶಾಸನಗಳೇ ಸಾಕ್ಷಿ. ಗುಡಿಗಾರನಿಗೆ ಗಂಧದ ಕೊರಡು, ಶಿಲ್ಪಿಗೆ ಕಲ್ಲು. ಆದರೆ ನಟನಟಿಯರ ಪಾಲಿಗೆ ಬೇರೆ ಸಾಮಗ್ರಿಯಿಲ್ಲ. ತಮ್ಮ ಶರೀರ, ಕಂಠ ಮತ್ತು ಕಣ್ಣುಗಳಿಂದಲೇ ಅವರು ಪಾತ್ರಗಳನ್ನು ಕಡೆದು ನಿಲ್ಲಿಸಬೇಕು. ಶಿಲ್ಪಿಯು ಒಂದು ವಿಗ್ರಹ ಮುಗಿದರೆ ಇನ್ನೊಂದು ಕಲ್ಲನ್ನು ಆರಿಸಿಕೊಳ್ಳುತ್ತಾನೆ. ನಟಿಯಾದರೋ ಅದೇ ಮುಖದಲ್ಲಿ ಇಂದು ರಾಣಿಯನ್ನೂ ನಾಳೆ ಹಳ್ಳಿಯ ಸೊಸೆಯನ್ನೂ ತೋರಿಸಬೇಕು. ಈ ಕಠಿಣವಾದ ಕಲೆಯನ್ನು ನಾಲ್ಕು ಭಾಷೆಗಳಲ್ಲಿ ಸಾಧಿಸಿದ ಕನ್ನಡತಿ ಬಿ. ಸರೋಜಾದೇವಿ.

ಸರೋಜಾದೇವಿಯವರು 1938ನೆಯ ಜನವರಿ 7ರಂದು ಬೆಂಗಳೂರಿನಲ್ಲಿ ಜನಿಸಿದರು. ತಂದೆ ಭೈರಪ್ಪನವರು ಪೊಲೀಸ್ ಇಲಾಖೆಯಲ್ಲಿದ್ದರು, ತಾಯಿ ರುದ್ರಮ್ಮ. ಗೌರವಸ್ಥ ಮನೆತನದ ಹೆಣ್ಣುಮಕ್ಕಳು ಸಿನಿಮಾ ಸೇರುವುದನ್ನು ಸಮಾಜವು ಆಕ್ಷೇಪದ ದೃಷ್ಟಿಯಿಂದಲೇ ನೋಡುತ್ತಿದ್ದ ಕಾಲವದು. ಹೀಗಿದ್ದರೂ ತಂದೆ ಮಗಳಿಗೆ ನೃತ್ಯ ಕಲಿಯಲು ಪ್ರೋತ್ಸಾಹವಿತ್ತರು. ತಾಯಿ ಮಗಳ ಬೆನ್ನಿಗೆ ನಿಂತರು; ಅದರೊಡನೆ ಕಟ್ಟುನಿಟ್ಟಾದ ನಿಯಮಗಳನ್ನೂ ವಿಧಿಸಿದರು. ತೋಳಿಲ್ಲದ ರವಿಕೆ ತೊಡಬಾರದು, ಈಜುಡುಗೆಯಲ್ಲಿ ಕಾಣಿಸಿಕೊಳ್ಳಬಾರದು ಎಂಬುದು ಅವರ ಆಜ್ಞೆ. ಹಲವು ಭಾಷೆಗಳ ಬೇಡಿಕೆಯ ತಾರೆಯಾದ ಮೇಲೂ ಮಗಳು ಆ ಮಾತನ್ನು ಮೀರಲಿಲ್ಲ.

ಸಮಾರಂಭವೊಂದರಲ್ಲಿ ಹಾಡುತ್ತಿದ್ದ ಬಾಲಕಿಯ ಪ್ರತಿಭೆಯನ್ನು ಮೊದಲು ಗುರುತಿಸಿದವರು ಹೆಸರಾಂತ ಗಾಯಕನಟ ಹೊನ್ನಪ್ಪ ಭಾಗವತರು. ಅವರು ನಿರ್ಮಿಸಿದ ‘ಮಹಾಕವಿ ಕಾಳಿದಾಸ’ 1955ರಲ್ಲಿ ತೆರೆಕಂಡಿತು. ಆಗ ಸರೋಜಾದೇವಿಯವರಿಗೆ ಹದಿನೇಳು ವರ್ಷ. ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯ ಮನ್ನಣೆಯೂ ದೊರೆಯಿತು. ಆದರೆ ಮೊದಲ ಗೆಲುವು ಮುಂದಿನ ದಾರಿಯನ್ನೆಲ್ಲ ಸುಗಮಗೊಳಿಸಲಿಲ್ಲ. ತಮಿಳಿನ ‘ತಂಗಮಲೈ ರಹಸ್ಯಂ’ ಚಿತ್ರದಲ್ಲಿ ಅವರಿಗೆ ದೊರೆತುದು ಒಂದು ನೃತ್ಯದ ಅವಕಾಶವಷ್ಟೆ. ಅದನ್ನು ಅಲ್ಪವೆಂದು ಅವರು ಕಡೆಗಣಿಸಲಿಲ್ಲ. 1958ರಲ್ಲಿ ಎಂ. ಜಿ. ರಾಮಚಂದ್ರನ್ ನಿರ್ದೇಶಿಸಿ ನಟಿಸಿದ ‘ನಾಡೋಡಿ ಮನ್ನನ್’ ತೆರೆಗೆ ಬಂದಾಗ ಅವರ ಹೆಸರು ತಮಿಳುನಾಡಿನ ಮನೆಮಾತಾಯಿತು.

ತಮಿಳು ಅವರಿಗೆ ತಾಯ್ನುಡಿಯಲ್ಲ. ಮಾತಿನಲ್ಲಿ ಕನ್ನಡದ ಸೊಗಡು ಎದ್ದು ಕಾಣುತ್ತಿತ್ತು. ಬೇರೊಬ್ಬರಿಗಾದರೆ ಅದೊಂದು ಕೊರತೆಯೆನಿಸಬಹುದಾಗಿತ್ತು. ತಮಿಳು ಪ್ರೇಕ್ಷಕರು ಆ ಧಾಟಿಯನ್ನೇ ಮೆಚ್ಚಿಕೊಂಡು, ‘ಕನ್ನಡದ ಗಿಣಿ’ ಎಂಬ ಅರ್ಥದ ಬಿರುದನ್ನು ತಮ್ಮ ನುಡಿಯಲ್ಲಿ ಪ್ರೀತಿಯಿಂದಿತ್ತರು. ಪರಭಾಷೆಯನ್ನು ಶ್ರದ್ಧೆಯಿಂದ ಕಲಿತವರ ತೊದಲನ್ನು ಜನ ಮನ್ನಿಸುತ್ತಾರೆ. ಕೆಲವೊಮ್ಮೆ ಅದನ್ನೇ ಮುದ್ದಿಸುತ್ತಾರೆ. ತೆಲುಗಿನಲ್ಲಿ ‘ಪಾಂಡುರಂಗ ಮಹಾತ್ಮ್ಯಂ’, ‘ಸೀತಾರಾಮ ಕಲ್ಯಾಣಂ’ ಮೊದಲಾದ ಚಿತ್ರಗಳಲ್ಲಿ ಅವರು ನಟಿಸಿದರು. ಎರಡನೆಯ ಚಿತ್ರದಲ್ಲಿ ಅವರದು ಮಂಡೋದರಿಯ ಪಾತ್ರ. ಹಿಂದಿಯಲ್ಲಿ ದಿಲೀಪ್ ಕುಮಾರ್ ನಾಯಕರಾಗಿದ್ದ ‘ಪೈಘಾಮ್’ 1959ರಲ್ಲಿಯೂ, ರಾಜೇಂದ್ರ ಕುಮಾರ್ ಜೊತೆಗಿನ ‘ಸಸುರಾಲ್’ 1961ರಲ್ಲಿಯೂ ತೆರೆಕಂಡವು. ತಮಿಳು ಚಿತ್ರಗಳ ಮೂಲಕ ಅವರ ಮುಖ ಸಿಂಹಳ, ಮಲೇಷ್ಯಾಗಳಲ್ಲಿ ನೆಲೆಸಿದ ತಮಿಳರಿಗೂ ಪರಿಚಿತವಾಯಿತು.

ಕನ್ನಡಿಗರ ಮನಸ್ಸಿನಲ್ಲಿ ಅವರಿಗೆ ಶಾಶ್ವತವಾದ ಸ್ಥಾನವನ್ನು ತಂದುಕೊಟ್ಟುದು 1961ರ ‘ಕಿತ್ತೂರು ಚೆನ್ನಮ್ಮ’. ಇದರ ನಿರ್ದೇಶಕರು ಬಿ. ಆರ್. ಪಂತುಲು. 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ವೀರರಾಣಿಯ ಪಾತ್ರವನ್ನು ವಹಿಸಿದಾಗ ಸರೋಜಾದೇವಿಯವರಿಗೆ ಇಪ್ಪತ್ತಮೂರು ವರ್ಷ. ಅದುವರೆಗೆ ಲಾವಣ್ಯಕ್ಕೆ, ನೃತ್ಯಕ್ಕೆ ಹೆಸರಾಗಿದ್ದ ನಟಿ ಇಲ್ಲಿ ಪತಿಯನ್ನು ಕಳೆದುಕೊಂಡ ದುಃಖವನ್ನು ನುಂಗಿ ರಾಜ್ಯದ ಹೊಣೆ ಹೊರುವ ರಾಣಿಯಾದರು. ಶಿಕಾರಿಪುರ ತಾಲ್ಲೂಕಿನ ಈಸೂರು 1942ರಲ್ಲಿ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡ ಗ್ರಾಮ. ಆ ಹೋರಾಟಕ್ಕಾಗಿ 1943ರಲ್ಲಿ ಐವರು ಗಲ್ಲಿಗೇರಿದರು. ಅಲ್ಲಿನ ಸ್ತ್ರೀಯರೂ ಸೆರೆಮನೆಯನ್ನು ಕಂಡರು. ಚಿತ್ರವು ತೆರೆಗೆ ಬಂದಾಗ ಇದೆಲ್ಲ ನಡೆದು ಇಪ್ಪತ್ತು ವರ್ಷವೂ ಕಳೆದಿರಲಿಲ್ಲ. ಅಂತಹ ನಾಡಿನ ಜನರಿಗೆ ಚೆನ್ನಮ್ಮನ ಕಥೆ ಕೇವಲ ಹಳೆಯ ಕಾಲದ ಸಂಗತಿಯಾಗಿರಲು ಸಾಧ್ಯವಿರಲಿಲ್ಲ.

1964ರಲ್ಲಿ ಬಿ. ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ ಬಿಡುಗಡೆಯಾಯಿತು. ಇದು ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ. ಜನಪದವು ನಂಬಿಕೊಂಡು ಬಂದ ಶಿಲ್ಪಿಯ ಕಥೆಯಲ್ಲಿ ಕಲ್ಯಾಣಕುಮಾರ್ ಜಕಣನಾದರೆ, ಸರೋಜಾದೇವಿ ನರ್ತಕಿ ಮಂಜರಿಯಾದರು. ಅದೇ ಕಥೆ ತೆಲುಗಿನಲ್ಲಿಯೂ ಚಿತ್ರವಾಯಿತು. ಅಲ್ಲಿ ನಾಯಕರು ಅಕ್ಕಿನೇನಿ ನಾಗೇಶ್ವರರಾವ್. ಮಂಜರಿ ಮಾತ್ರ ಇವರೇ. ಬಳ್ಳಿಗಾವಿಯ ಶಿಲ್ಪಿಗಳು ಕಲ್ಲಿನಲ್ಲಿ ನಿಲ್ಲಿಸಿದ ನರ್ತನಕ್ಕೆ ಚಲನೆ ಬಂದರೆ ಹೇಗಿರಬಹುದೆಂಬುದನ್ನು ಈ ಪಾತ್ರವು ಬಣ್ಣಗಳಲ್ಲಿ ತೋರಿಸಿತು.

ವೈವಿಧ್ಯವೆಂದರೆ ವೇಷಭೂಷಣಗಳನ್ನು ಬದಲಾಯಿಸುವುದಲ್ಲ. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ಮಲ್ಲಮ್ಮನ ಪವಾಡ’ 1969ರಲ್ಲಿ ಬಂದಿತು. ಬಿ. ಪುಟ್ಟಸ್ವಾಮಯ್ಯನವರ ‘ಅರ್ಧಾಂಗಿ’ ಕಾದಂಬರಿ ಅದಕ್ಕೆ ಆಧಾರ. ಅಲ್ಲಿ ರಾಣಿಯ ಕತ್ತಿಯಾಗಲಿ, ನರ್ತಕಿಯ ಗೆಜ್ಜೆಯಾಗಲಿ ಇಲ್ಲ. ಮುಗ್ಧ ಗಂಡನನ್ನೂ ಕುಟಿಲದಿಂದ ತುಂಬಿದ ಮನೆಯನ್ನೂ ಜಾಣ್ಮೆ, ತಾಳ್ಮೆಗಳಿಂದ ತಿದ್ದುವ ಸೊಸೆಯ ಪಾತ್ರವದು. ದೊಡ್ಡ ಮಾತಿಗಿಂತ ನೋಟವೇ ಅಲ್ಲಿ ಮುಖ್ಯ. 1977ರ ‘ಬಭ್ರುವಾಹನ’ದಲ್ಲಿ ಡಾ. ರಾಜಕುಮಾರ್ ಅವರು ಅರ್ಜುನನೂ ಬಭ್ರುವಾಹನನೂ ಆಗಿ ಎರಡು ಪಾತ್ರಗಳನ್ನು ನಿರ್ವಹಿಸಿದರು. ಸರೋಜಾದೇವಿಯವರು ಚಿತ್ರಾಂಗದೆ. ಒಬ್ಬನೇ ನಟನೆದುರು ಒಮ್ಮೆ ಪತ್ನಿಯಾಗಿ, ಇನ್ನೊಮ್ಮೆ ತಾಯಿಯಾಗಿ ಅವರು ನಿಲ್ಲಬೇಕಾಗಿತ್ತು. ಒಂದೇ ಮುಖವನ್ನು ನೋಡುತ್ತ ದಾಂಪತ್ಯದ ಪ್ರೀತಿಯನ್ನೂ ಮಾತೃವಾತ್ಸಲ್ಯವನ್ನೂ ಬೇರೆಬೇರೆಯಾಗಿ ತೋರಿಸುವುದು ಸಾಮಾನ್ಯವಾದ ಕಾರ್ಯವಲ್ಲ. ಅಭಿನಯ ಸರಸ್ವತಿ ಎಂಬ ಬಿರುದಿನ ಸಾರ್ಥಕ್ಯವನ್ನು ಇಲ್ಲಿ ಕಾಣಬಹುದು.

ವಿವಾಹವಾದೊಡನೆ ನಟಿಯ ವೃತ್ತಿಜೀವನ ಮುಗಿಯಿತೆಂದು ಎಲ್ಲರೂ ಭಾವಿಸುತ್ತಿದ್ದ ದಿನಗಳಲ್ಲಿ, 1967ರಲ್ಲಿ, ಸರೋಜಾದೇವಿಯವರು ಇಂಜಿನಿಯರಾದ ಶ್ರೀಹರ್ಷ ಅವರನ್ನು ವರಿಸಿದರು. ವಿವಾಹಾನಂತರವೂ ಅವರು ನಾಯಕಿಯಾಗಿಯೇ ಮುಂದುವರಿದರು. ‘ಮಲ್ಲಮ್ಮನ ಪವಾಡ’ ಮತ್ತು ‘ಬಭ್ರುವಾಹನ’ ಎರಡೂ ಈ ಅವಧಿಯವು ಎಂಬುದನ್ನು ಮರೆಯಬಾರದು. 1986ರಲ್ಲಿ ಪತಿ ತೀರಿಕೊಂಡಾಗ ಕೆಲಕಾಲ ಚಿತ್ರರಂಗದಿಂದ ದೂರವುಳಿದರು. ಬಳಿಕ ಒಪ್ಪಿಕೊಂಡಿದ್ದ ಕೆಲಸವನ್ನು ಅರ್ಧಕ್ಕೆ ಬಿಡದೆ ಮುಗಿಸಿಕೊಟ್ಟರು. ಕೊಟ್ಟ ಮಾತು ಉಳಿಸಿಕೊಳ್ಳುವುದೂ ಕಲಾವಿದರ ಶೀಲದ ಒಂದು ಭಾಗವೇ ಆಗಿದೆ.

ಭಾರತ ಸರ್ಕಾರವು 1969ರಲ್ಲಿ ಪದ್ಮಶ್ರೀಯನ್ನೂ 1992ರಲ್ಲಿ ಪದ್ಮಭೂಷಣವನ್ನೂ ನೀಡಿ ಅವರನ್ನು ಗೌರವಿಸಿತು. ಸುಮಾರು ಇನ್ನೂರು ಚಿತ್ರಗಳಲ್ಲಿ ನಟಿಸಿದ ಅವರು 2019ರ ‘ನಟಸಾರ್ವಭೌಮ’ದಲ್ಲಿಯೂ ಕಾಣಿಸಿಕೊಂಡರು. 2025ನೆಯ ಜುಲೈ 14ರಂದು ಬೆಂಗಳೂರಿನಲ್ಲಿ ನಿಧನರಾದಾಗ ಅವರಿಗೆ 87 ವರ್ಷ. ಚನ್ನಪಟ್ಟಣ ತಾಲ್ಲೂಕಿನ ದಶವಾರ ಗ್ರಾಮದಲ್ಲಿ ಸರ್ಕಾರಿ ಗೌರವದೊಡನೆ ಅಂತ್ಯಕ್ರಿಯೆ ನೆರವೇರಿತು. ಅವರ ನೇತ್ರಗಳನ್ನು ದಾನ ಮಾಡಲಾಯಿತು. ಚೆನ್ನಮ್ಮನ ಕಿಡಿಯನ್ನೂ ಮಲ್ಲಮ್ಮನ ಸಹನೆಯನ್ನೂ ಚಿತ್ರಾಂಗದೆಯ ವಾತ್ಸಲ್ಯವನ್ನೂ ತೋರಿದ ಕಣ್ಣುಗಳವು. ರೂಪವು ಪ್ರಕೃತಿಯ ಕೊಡುಗೆಯಾದರೆ, ಆ ರೂಪದಿಂದ ನೂರು ಬಾಳುಗಳನ್ನು ಮೂಡಿಸುವ ಶಕ್ತಿಯು ಶ್ರಮದ ಫಲ. ಸರೋಜಾದೇವಿಯವರ ಕೀರ್ತಿ ನಿಂತಿರುವುದು ಆ ಶ್ರಮದ ಮೇಲೆ.

ಅಭ್ಯಾಸ

1. ಶಿಲ್ಪಿಯ ಕೆಲಸಕ್ಕೂ ನಟಿಯ ಕೆಲಸಕ್ಕೂ ಇರುವ ವ್ಯತ್ಯಾಸವೇನು?
2. ತಮಿಳು ಪ್ರೇಕ್ಷಕರು ಸರೋಜಾದೇವಿಯವರ ಮಾತಿನ ಧಾಟಿಯನ್ನು ಹೇಗೆ ಸ್ವೀಕರಿಸಿದರು?
3. ‘ಬಭ್ರುವಾಹನ’ ಚಿತ್ರದ ಪಾತ್ರನಿರ್ವಹಣೆ ಕಠಿಣವಾಗಿತ್ತು ಎನ್ನಲು ಕಾರಣವೇನು?
4. “ವೈವಿಧ್ಯವೆಂದರೆ ವೇಷಭೂಷಣಗಳನ್ನು ಬದಲಾಯಿಸುವುದಲ್ಲ.” ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.
5. ನಿಮ್ಮ ಊರಿನ ಕುಶಲಕರ್ಮಿಯೊಬ್ಬರ ಕೆಲಸವನ್ನು ಕುರಿತು ಹತ್ತು ವಾಕ್ಯಗಳನ್ನು ಬರೆಯಿರಿ.