ನರ್ಸ್ ಔಷಧಿ ಬರೆಯಬಹುದೇ?

ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ, ಪಕ್ಕದ ಹುಮನಾಬಾದ್ ಸೀಮೆಯ ಹಳ್ಳಿಗಳಂಥ ಕಡೆ ಉಪಕೇಂದ್ರ ಮಟ್ಟದ ಆರೋಗ್ಯ ಸೇವೆಗೆ ಸಮುದಾಯ ಆರೋಗ್ಯ ಅಧಿಕಾರಿಯೇ (ಸಿಎಚ್‌ಒ) ಮುಂದಾಳು. 2018ರ ಆಯುಷ್ಮಾನ್ ಭಾರತ್ ಯೋಜನೆಯ ಕೂಸಾದ ಈ ಹುದ್ದೆಯಲ್ಲಿ ಹೆಚ್ಚಿನವರು ಬಿ.ಎಸ್ಸಿ. ನರ್ಸಿಂಗ್ ಓದಿದವರು. ಬಿಪಿ, ಶುಗರ್‌ಗೆ ವೈದ್ಯಾಧಿಕಾರಿ ಚಿಕಿತ್ಸೆ ಶುರುಮಾಡುತ್ತಾರೆ. ಮುಂದಿನ ತಿಂಗಳುಗಳ ಮಾತ್ರೆ ಕೊಟ್ಟು ನಿಗಾ ಇಡುವುದು ಸಿಎಚ್‌ಒ ಕೆಲಸ.

ಸಿಎಚ್‌ಒ ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಔಷಧಿ ಬರೆಯುವ ಅಧಿಕಾರದ ವಿಷಯದಲ್ಲೇ. ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆ, 2019ರ 32ನೇ ಕಲಂ ಹೇಳುವುದು 'ಸಮುದಾಯ ಆರೋಗ್ಯ ಪೂರೈಕೆದಾರ'ರ ಸೀಮಿತ ಪರವಾನಗಿ ಬಗ್ಗೆ. ಪ್ರಾಥಮಿಕ ಮತ್ತು ರೋಗತಡೆ ಆರೈಕೆಯಲ್ಲಿ ಅವರು ನಿಗದಿತ ಔಷಧಿಗಳನ್ನು ಸ್ವತಂತ್ರವಾಗಿ ಬರೆಯಬಹುದು. ಉಳಿದೆಡೆ ವೈದ್ಯರ ಮೇಲ್ವಿಚಾರಣೆ ಬೇಕು. ಅವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದರಷ್ಟನ್ನು ಮೀರುವಂತಿಲ್ಲ. ಹೆಸರು ಹತ್ತಿರವಿದ್ದರೂ ಸಿಎಚ್‌ಒ ಬೇರೆ, ಈ ಪರವಾನಗಿ ಬೇರೆ.

ಪರೀಕ್ಷೆಯ ಔಷಧಶಾಸ್ತ್ರ ಭಾಗದಲ್ಲಿ, ಔಷಧಿ ದೇಹದಲ್ಲಿ ಸಾಗುವ ನಾಲ್ಕು ಹಂತ ಕೇಳುತ್ತಾರೆ: ಹೀರಿಕೆ, ಹರಡಿಕೆ, ಚಯಾಪಚಯ, ವಿಸರ್ಜನೆ. ಬರೀ ಬಾಯಿಪಾಠ ಸಾಲದು. ಅಮ್ಲೋಡಿಪಿನ್‌ನ ಅರ್ಧಾಯು 30–50 ಗಂಟೆ. ಆದ್ದರಿಂದಲೇ ದಿನಕ್ಕೊಂದೇ ಮಾತ್ರೆ. ಮೆಟ್‌ಫಾರ್ಮಿನ್ ಬದಲಾಗದೆ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಕಿಡ್ನಿ ತೀರಾ ಸೊರಗಿದವರಿಗೆ ಅದು ನಿಷಿದ್ಧ. ಪ್ಯಾರಾಸಿಟಮಾಲ್ ಅತಿಯಾದರೆ ಪೆಟ್ಟು ಯಕೃತ್ತಿಗೆ, ಪ್ರತಿವಿಷ ಎನ್-ಅಸಿಟೈಲ್‌ಸಿಸ್ಟೀನ್.

ಡೋಸ್ ಕೂಡ ನೆನಪಿರಲಿ. ಮಕ್ಕಳ ಭೇದಿಗೆ ಓಆರ್‌ಎಸ್ ಜೊತೆ ಸತು: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿ.ಗ್ರಾಂ., 14 ದಿನ.