ಹೊಳಿ ಕಲ್ಲಿನ ಹುಳಕ್ಕ ಹೆಸರಿಡೂದು ಹ್ಯಾಂಗ?

ಹರಿಯುವ ಹಳ್ಳದಾಗ ಕಲ್ಲು ತಿರುವಿ ಹಾಕಿದರೆ ತಳಕ್ಕ ಚಪ್ಪಟೆ ಹುಳ ಅಂಟಿಕೊಂಡಿರತಾವ. ದನಕ್ಕ ನೀರು ಕುಡಿಸುವಾಗ ನಾವೆಲ್ಲ ನೋಡೇವಿ, ಹೆಸರು ಕೇಳಿಲ್ಲ. ಅವುಗಳಲ್ಲಿ ಒಂದು ಗುಂಪಿಗೆ ಇಂಗ್ಲಿಷಿನಾಗ ಸ್ಟೋನ್‌ಫ್ಲೈ ಅಂತಾರ. ನಾವು ಕಲ್ಲುನೊಣ ಅನ್ನೋಣ. ಜಗತ್ತಿನಲ್ಲಿ 3,500ಕ್ಕೂ ಹೆಚ್ಚು ಜಾತಿಗಳಿಗೆ ಹೆಸರಾಗೇದ. ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಇವು ಅದಾವ.

ಇದರ ಮರಿ ನೀರಾಗ ಬೆಳೀತದ. ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಗಟ್ಟಲೆ. ರೆಕ್ಕೆ ಬಂದ ಮೇಲೆ ಕೆಲವೇ ದಿನ ಅಥವಾ ವಾರ ಬದುಕತದ. ಮರಿಗೆ ತಂಪಾದ, ಗಾಳಿ ಬೆರೆತು ಹರಿಯುವ ನೀರು ಬೇಕು. ಗಟಾರ ನೀರು, ಔಷಧದ ನೀರು ಸೇರಿದರೆ ಮೊದಲು ಕಾಣೆಯಾಗುವ ಹುಳಗಳಲ್ಲಿ ಇದೂ ಒಂದು. ಇದು ಸಿಕ್ಕರೆ ನೀರು ಚಲೋ ಐತಿ ಅಂತ ತಿಳೀರಿ.

ಗುರುತು ಹಿಡಿಯೂದು ಹೀಗೆ. ಕೈಯಾಗ ಒಂದು ಭೂತಗನ್ನಡಿ ಇರಲಿ.

1. ಬಾಲದ ಎಳೆ ಎರಡು. ಜೊತೆಗೇ ಸಿಗುವ ಮೇಫ್ಲೈ ಮರಿಗೆ ಸಾಮಾನ್ಯವಾಗಿ ಮೂರು. ಕೆಲವು ಮೇಫ್ಲೈಗೂ ಎರಡೇ ಇರತಾವ, ಅದಕ್ಕ ಮುಂದಿನ ಗುರುತೂ ನೋಡ್ರಿ.

2. ಕಲ್ಲುನೊಣದ ಮರಿಯ ಕಾಲಿನ ತುದಿಗೆ ಎರಡು ಉಗುರು. ಮೇಫ್ಲೈ ಮರಿಗೆ ಒಂದೇ.

3. ಮೇಫ್ಲೈ ಮರಿಯ ಕಿವಿರು ಹೊಟ್ಟೆಯ ಎರಡೂ ಬದಿ ಎಲೆಯಂಗ ಇರತಾವ. ಕಲ್ಲುನೊಣದ್ದು ಹೆಚ್ಚಾಗಿ ಎದಿಗೆ, ಕಾಲಿನ ಬುಡಕ್ಕ ಎಳೆಗಳ ಗೊಂಚಲು.

4. ದೊಡ್ಡದಾದ ಕಲ್ಲುನೊಣ ರೆಕ್ಕೆಯನ್ನ ಬೆನ್ನ ಮ್ಯಾಲ ಚಪ್ಪಟೆ ಮಡಿಚತದ. ಮೇಫ್ಲೈ ನೆಟ್ಟಗ ಎತ್ತಿ ಹಿಡೀತದ.

ಇಷ್ಟರಿಂದ ಗುಂಪು ಗೊತ್ತಾಯಿತು, ಜಾತಿ ಗೊತ್ತಾಗೂದಿಲ್ಲ. ಜ್ವಾಳ ಗೇಣುದ್ದ ಇದ್ದಾಗ ಎಲ್ಲಾ ತಳಿನೂ ಒಂದೇ ತರಾ ಕಾಣತಾವ, ತೆನಿ ಬಂದಾಗ ಬಣ್ಣ ಗೊತ್ತಾಗತದ. ಇಲ್ಲೂ ಹಾಗೇ. ಬೆಳೆದ ಗಂಡು ಸಿಗಬೇಕು. ಅದರ ಹಿಂಬದಿಯ ಕೂಡುವ ಅಂಗದ ಆಕಾರವನ್ನ ಸೂಕ್ಷ್ಮದರ್ಶಕದಾಗ ನೋಡತಾರ. ನಮ್ಮ ದೇಶದಾಗಿರುವ ನಿಯೋಪರ್ಲಾ ಅನ್ನುವ ಕುಲದಲ್ಲಿ ಒಳಗಿನ ಅಂಗವನ್ನ ಹೊರಗೆ ಎಳೆದು ನೋಡಬೇಕಾಗತದ. ಹೆಣ್ಣಿನ ತತ್ತಿಯ ಸಿಪ್ಪೆ ಮ್ಯಾಲಿನ ಗೆರೆಗಳೂ ಸಾಕ್ಷಿ. ಈಗ ಡಿಎನ್‌ಎ ಪರೀಕ್ಷೆನೂ ಮಾಡತಾರ.

ಮೊದಲು ಹೆಸರಾದ ಜಾತಿಗಳ ಜೊತೆ ಹೋಲಿಸಿ, ಯಾವುದಕ್ಕೂ ಹೊಂದದಿದ್ದರೆ ಮಾತ್ರ ಹೊಸದು. ಆಗ ಒಂದು ಹುಳವನ್ನ ಮಾದರಿ ಅಂತ ಆರಿಸಿ, 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣೆಯಂಥ ಸಂಸ್ಥೆಯ ಸಂಗ್ರಹಾಲಯದಾಗ ಇಡತಾರ. ಚಿತ್ರ, ಅಳತೆ, ವಿವರಣೆ ಸಹಿತ ಎರಡು ಪದದ ಹೆಸರನ್ನ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸತಾರ. ಪ್ರಾಣಿಗಳಿಗೆ ಈ ಲೆಕ್ಕ ಲಿನೇಯಸ್‌ನ 1758ರ ಪುಸ್ತಕದಿಂದ ಶುರು.

ಇಷ್ಟೆಲ್ಲಾ ಯಾಕ ಅಂತೀರಾ? ನಮ್ಮ ನೀರಿನ ಉದಾಹರಣೆ ನೋಡ್ರಿ. ಹಿರಣ್ಯಕೇಶಿ ಮಹಾರಾಷ್ಟ್ರದ ಅಂಬೋಲಿಯಾಗ ಹುಟ್ಟಿ, ಸಂಕೇಶ್ವರ ದಾಟಿ ಘಟಪ್ರಭೆಗೆ ಕೂಡತದ. ಆ ನೀರೇ ಗೋಕಾಕ ಫಾಲ್ಸಿನಾಗ ಸುಮಾರು 52 ಮೀಟರ್ ಧುಮುಕತದ. ಅಂಬೋಲಿಯ ಗುಡಿ ಹತ್ತಿರದ ಹೊಂಡದ ಒಂದು ಸಣ್ಣ ಮೀನಿಗೆ 2020ರಲ್ಲಿ ಸಿಸ್ಟುರಾ ಹಿರಣ್ಯಕೇಶಿ ಅಂತ ಹೆಸರಾಯಿತು. 2021ರಲ್ಲಿ ಮಹಾರಾಷ್ಟ್ರ ಸರಕಾರ ಆ ಜಾಗವನ್ನ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿತು. ಮೀನು ಮೊದಲೂ ಇತ್ತು. ಹೆಸರಾದ ಮೇಲೆ ಕಾವಲು ಬಂತು. ಹೆಸರಿಲ್ಲದ ಹುಳ ಸತ್ತರೆ ಯಾರ ಲೆಕ್ಕಕ್ಕೂ ಬರೂದಿಲ್ಲ.

ರೈತರು ಮಾಡಬಹುದಾದ್ದು ಇಷ್ಟು. ಹಳ್ಳದ ದಂಡಿಗೆ ಸಂಜಿಮುಂದ ದೀಪಕ್ಕ ಬರುವ ರೆಕ್ಕೆಯ ಹುಳ ಕಂಡರೆ ಒಂದೆರಡನ್ನ ಸ್ಪಿರಿಟ್ ಇರುವ ಶೀಶೆಯೊಳಗ ಹಾಕ್ರಿ. ಊರು, ಹಳ್ಳ, ತಾರೀಖು, ಹಿಡಿದವರ ಹೆಸರು ಬರೆದ ಚೀಟಿಯನ್ನೂ ಒಳಗ ಇಡ್ರಿ. ಪೆನ್ಸಿಲ್‌ನಿಂದಲೇ ಬರೀರಿ, ಶಾಯಿ ಸ್ಪಿರಿಟ್‌ನಾಗ ಕರಗತದ. ಚೀಟಿ ಇಲ್ಲದ ಹುಳಕ್ಕ ಬೆಲೆ ಇಲ್ಲ. ಹತ್ತಿರದ ಕೃಷಿ ಕಾಲೇಜಿನ ಕೀಟಶಾಸ್ತ್ರದವರಿಗೆ ತೋರಿಸ್ರಿ. ಅರಣ್ಯ ಇಲಾಖೆ ಜಾಗದಾಗ ಅಪ್ಪಣೆ ಇಲ್ಲದೆ ಹಿಡೀಬ್ಯಾಡ್ರಿ. ಎತ್ತಿದ ಕಲ್ಲನ್ನ ಇದ್ದಂಗ ಇಡ್ರಿ. ಔಷಧ ಹೊಡೆದ ಪಂಪನ್ನ ಮಾತ್ರ ಹಳ್ಳದಾಗ ತೊಳೀಬ್ಯಾಡ್ರಿ.