ಪ್ಲೇಯರ್‌ನ ಮೆತ್ತನೆಯ ಹಿಡಿಯಲ್ಲಿ ಏನಿದೆ?

ಮನೆಯ ಟೂಲ್ಸ್ ಪೆಟ್ಟಿಗೆಯಿಂದ ಕಟಿಂಗ್ ಪ್ಲೇಯರ್ ಕೈಗೆತ್ತಿಕೊಳ್ಳಿ. ಅದರ ಹಿಡಿಗೆ ಮೆತ್ತಗಿನ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಇಂತಹ ಹಿಡಿಗಳ ಕುರಿತು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅನೇಕ ಕಂಪೆನಿಗಳು ಕಾನೂನು ಕ್ರಮ ಎದುರಿಸಿವೆ. ಕಾರಣವೇನು?

ಈ ಹೊದಿಕೆಗಳಲ್ಲಿ ಹಲವು ಪಿವಿಸಿಯಿಂದ ಮಾಡಿದವು. ಪಿವಿಸಿ ಸಹಜವಾಗಿ ಗಡುಸು. ಅದನ್ನು ಮೆದುಗೊಳಿಸಲು ಥ್ಯಾಲೇಟ್ ಎಂಬ ಎಣ್ಣೆಯಂತಹ ರಾಸಾಯನಿಕಗಳನ್ನು ಬೆರೆಸುತ್ತಾರೆ. ಅವುಗಳಲ್ಲಿ ಡಿಇಎಚ್‌ಪಿ ಒಂದು. ಅದು ಪ್ಲಾಸ್ಟಿಕ್‌ನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲ. ಆದ್ದರಿಂದ ನಿಧಾನವಾಗಿ ಹೊರಬಂದು ಕೈಗೆ ಅಂಟುತ್ತದೆ. ಕೈ ತೊಳೆಯದೆ ಉಂಡರೆ ಅನ್ನದೊಂದಿಗೆ ಹೊಟ್ಟೆ ಸೇರುತ್ತದೆ.

ಕ್ಯಾಲಿಫೋರ್ನಿಯಾದ ಮತದಾರರು 1986ರಲ್ಲಿ 'ಪ್ರೊಪೊಸಿಷನ್ 65' ಎಂಬ ಕಾನೂನನ್ನು ಅಂಗೀಕರಿಸಿದರು. ಕ್ಯಾನ್ಸರ್ ಅಥವಾ ಸಂತಾನಶಕ್ತಿಗೆ ಹಾನಿ ತರುವ ರಾಸಾಯನಿಕಗಳ ಪಟ್ಟಿಯನ್ನು ಸರಕಾರ ಪ್ರಕಟಿಸಬೇಕು. ಅವುಗಳಿಗೆ ಜನರನ್ನು ಒಡ್ಡುವ ಕಂಪೆನಿ ಮೊದಲೇ ಎಚ್ಚರಿಸಬೇಕು. ಡಿಇಎಚ್‌ಪಿ 1988ರಲ್ಲಿ ಕ್ಯಾನ್ಸರ್‌ಕಾರಕವೆಂದೂ 2003ರಲ್ಲಿ ಸಂತಾನಶಕ್ತಿಗೆ ಹಾನಿಕರವೆಂದೂ ಪಟ್ಟಿ ಸೇರಿತು. ಸೀಸವೂ ಅದರಲ್ಲಿದೆ.

ಎಚ್ಚರಿಕೆ ನೀಡದ ಕಂಪೆನಿಗೆ ಖಾಸಗಿ ವ್ಯಕ್ತಿಯೂ 60 ದಿನಗಳ ನೋಟಿಸು ಕೊಡಬಹುದು. ಸರಕಾರಿ ವಕೀಲರು ಪ್ರಕರಣ ಕೈಗೆತ್ತಿಕೊಳ್ಳದಿದ್ದರೆ ಆತನೇ ದಾವೆ ಹೂಡಬಹುದು. ದಂಡ ದಿನಕ್ಕೆ, ಪ್ರತಿ ಉಲ್ಲಂಘನೆಗೆ 2,500 ಡಾಲರ್‌ವರೆಗೆ. ಹೀಗಾಗಿ ಬಹುತೇಕ ಪ್ರಕರಣಗಳು ರಾಜಿಯಲ್ಲಿ ಮುಗಿಯುತ್ತವೆ. ಕಂಪೆನಿ ಸಾಮಾನ್ಯವಾಗಿ ತಪ್ಪೊಪ್ಪಿಕೊಳ್ಳುವುದಿಲ್ಲ. ಹಣ ಕಟ್ಟುತ್ತದೆ, ಡಿಇಎಚ್‌ಪಿ ಪ್ರಮಾಣವನ್ನು ಶೇ. 0.1ಕ್ಕೆ ಇಳಿಸುತ್ತದೆ ಅಥವಾ ಎಚ್ಚರಿಕೆ ಚೀಟಿ ಅಂಟಿಸುತ್ತದೆ. ದಂಡದ ಶೇ. 75 ರಾಜ್ಯಕ್ಕೆ, ಶೇ. 25 ದೂರುದಾರನಿಗೆ. ವಕೀಲರ ಶುಲ್ಕ ಬೇರೆ. ಲಾಭವೆಲ್ಲ ವಕೀಲರಿಗೇ ಎಂಬ ಟೀಕೆ ಅಲ್ಲಿದೆ. ಆದರೆ ಹಿಡಿಯ ವಸ್ತುವೇ ಬದಲಾದಾಗ ಪ್ರಯೋಜನ ಬಳಕೆದಾರನದು.

ಒಮ್ಮೆ ಮುಟ್ಟಿದೊಡನೆ ರೋಗ ಬರುತ್ತದೆಂದು ಹೆದರಬೇಡಿ. ಡಿಇಎಚ್‌ಪಿಯಿಂದ ಕ್ಯಾನ್ಸರ್ ಕಂಡುಬಂದಿರುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ. ಎಷ್ಟು ಪ್ರಮಾಣ, ಎಷ್ಟು ಕಾಲ ಎಂಬುದು ಮುಖ್ಯ. ದಿನವಿಡೀ ಉಪಕರಣ ಹಿಡಿಯುವ ಕೆಲಸಗಾರರು, ಗರ್ಭಿಣಿಯರು ಮತ್ತು ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ಮಕ್ಕಳ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು.

ನೀವು ಮಾಡಬೇಕಾದುದು ಇಷ್ಟು:

• ಕೆಲಸ ಮುಗಿದ ಮೇಲೆ, ಊಟ–ತಿಂಡಿಗೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಬರೀ ನೀರು ಎಣ್ಣೆಯಂಶವನ್ನು ತೆಗೆಯದು.
• ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಡಿ.
• ಪ್ಲೇಯರನ್ನು ಮಗುವಿಗೆ ಆಟದ ಸಾಮಾನಾಗಿ ಕೊಡಬೇಡಿ.
• ಅಂಟಂಟಾದ, ಬಿರುಕು ಬಿಟ್ಟ ಹಿಡಿಯ ಉಪಕರಣವನ್ನು ಬದಲಾಯಿಸಿ. ಸಾಧ್ಯವಿರುವಲ್ಲಿ ಮರದ ಹಿಡಿಯದನ್ನು ಕೊಳ್ಳಿ.